ಒಂಬತ್ತು ವರ್ಷ ನಿದ್ದೆ ಮಾಡಿದ ಬ್ರೌಸರ್

ಕುಂಭಕರ್ಣ ಆರು ತಿಂಗಳು ನಿದ್ದೆ ಮಾಡುತ್ತಿದ್ದ ಎಂದು ಅಜ್ಜಿಯಿಂದ ಕೇಳಿರುತ್ತೀರಿ. ಮಕ್ಕಳೇ, ಈ ವಾರ ಒಂಬತ್ತು ವರ್ಷ ನಿದ್ದೆ ಮಾಡಿ ಎದ್ದ ಒಂದು ಸಾಫ್ಟ್‌ವೇರಿನ ಕಥೆ ಹೇಳುತ್ತೇನೆ. ಅದರ ಹೆಸರು ಡಿಲ್ಲೋ. ಅದೊಂದು ವೆಬ್ ಬ್ರೌಸರ್. ನಿಮ್ಮಲ್ಲಿ ಹೆಚ್ಚಿನವರು ಅದರ ಹೆಸರು ಕೇಳಿರಲಾರಿರಿ. ನಿಮ್ಮ ಅಪ್ಪ ಅಮ್ಮನೂ ಕೇಳಿರುವುದು ಅನುಮಾನ.

ಬ್ರೌಸರ್ ಅಂದರೇನು ಎಂದು ಮಕ್ಕಳಿಗೆ ಹೇಳಬೇಕಾಗಿಲ್ಲ. ನನ್ನ ಓರಗೆಯ ಅಜ್ಜ ಅಜ್ಜಿಯರಿಗಾಗಿ ಎರಡು ಮಾತು. ಮೊಬೈಲಿನಲ್ಲಿ ನೀವು ಒತ್ತುವ ಕ್ರೋಮ್, ಕೆಲವರ ಕಂಪ್ಯೂಟರಿನಲ್ಲಿರುವ ಫೈರ್‌ಫಾಕ್ಸ್, ಎಡ್ಜ್ ಇವೆಲ್ಲ ಬ್ರೌಸರುಗಳೇ. ದೂರದ ಕಂಪ್ಯೂಟರಿನಿಂದ ಪುಟವನ್ನು ತಂದು ತೋರಿಸುವುದು ಅವುಗಳ ಕೆಲಸ. ಅಲ್ಲಿಂದ ಬರುವಾಗ ಆ ಪುಟ ನೀವು ನೋಡುವ ರೂಪದಲ್ಲಿ ಇರುವುದಿಲ್ಲ. ‘ಇದು ತಲೆಬರಹ, ಇದು ಪ್ಯಾರಾ, ಇಲ್ಲಿ ಚಿತ್ರ ಕೂರಿಸು’ ಎಂಬ ಸೂಚನೆಗಳ ಪಟ್ಟಿಯಾಗಿ ಬರುತ್ತದೆ. ಅದನ್ನು ಓದಿ ಪುಟವನ್ನು ಕಟ್ಟುವುದು ಬ್ರೌಸರು. ಸೂಚನೆ ಬರೆಯುವ ಈ ಭಾಷೆಗೆ ಎಚ್‌ಟಿಎಂಎಲ್ ಎಂದು ಹೆಸರು. ಸ್ವಿಟ್ಜರ್ಲೆಂಡಿನ ಜಿನೀವಾ ಬಳಿಯ ಸರ್ನ್ ಎಂಬ ವಿಜ್ಞಾನ ಸಂಸ್ಥೆಯಲ್ಲಿದ್ದ ಟಿಮ್ ಬರ್ನರ್ಸ್‌-ಲೀ 1989ರಲ್ಲಿ ವೆಬ್ಬಿನ ಯೋಜನೆಯನ್ನು ಬರೆದುಕೊಟ್ಟರು. ಮುಂದಿನದೆಲ್ಲ ಅಲ್ಲಿಂದ ಶುರು.

ಮೊದಮೊದಲು ವೆಬ್ ಪುಟ ಅಂಚೆಯಲ್ಲಿ ಬಂದ ಕಾಗದದ ಹಾಗಿತ್ತು. ಒಡೆದು ಓದಿದರೆ ಮುಗಿಯಿತು. 1995ರಲ್ಲಿ ನೆಟ್‌ಸ್ಕೇಪ್ ಕಂಪನಿಯ ಬ್ರೆಂಡನ್ ಐಕ್ ಅವರು ಹತ್ತೇ ದಿನಗಳಲ್ಲಿ ಜಾವಾಸ್ಕ್ರಿಪ್ಟ್ ಎಂಬ ಭಾಷೆಯ ಮೊದಲ ರೂಪ ಬರೆದರು. ಅಂದಿನಿಂದ ಪುಟದ ಜೊತೆಗೆ ಚಿಕ್ಕ ಚಿಕ್ಕ ಪ್ರೋಗ್ರಾಂಗಳೂ ಬರತೊಡಗಿದವು. 1996ರಲ್ಲಿ ಬಣ್ಣ, ಅಂಚು, ಅಳತೆಗಳನ್ನು ಹೇಳುವ ಸಿಎಸ್‌ಎಸ್ ಬಂತು. ಮೊದಲಿಗೆ ಇವೆಲ್ಲ ಉಪ್ಪಿನಕಾಯಿಯಷ್ಟೇ ಇದ್ದವು. ಈಗ ಎಷ್ಟೋ ಸೈಟುಗಳಲ್ಲಿ ಊಟ ಕಳಿಸುವ ಬದಲು ಅಡುಗೆಭಟ್ಟರನ್ನೇ ಪಾತ್ರೆ ಪಗಡಗಳ ಸಮೇತ ಕಳಿಸುತ್ತಾರೆ. ಅಡುಗೆಮನೆ ನಮ್ಮದು, ಗ್ಯಾಸ್ ನಮ್ಮದು, ಕಾಯುವ ಹೊತ್ತೂ ನಮ್ಮದು. ಬಂದವರಲ್ಲಿ ಕೆಲವರು ಹೋಗುವ ಮೊದಲು ನಮ್ಮ ಡಬ್ಬಗಳ ಮುಚ್ಚಳ ತೆರೆದು ಏನೇನಿದೆ ಎಂದು ನೋಡಿಕೊಂಡೂ ಹೋಗುತ್ತಾರೆ!

ಹಳೆಯ ಫ್ಲಾಪಿ ಡಿಸ್ಕ್ ನೋಡಿದ್ದೀರಾ? ಇಲ್ಲದಿದ್ದರೆ ಮನೆಯ ಹಿರಿಯರನ್ನು ಕೇಳಿ. ಅದರಲ್ಲಿ 1.44 ಎಂಬಿ ಹಿಡಿಯುತ್ತಿತ್ತು. ಶಾಖೆಯ ಎಷ್ಟೋ ತಿಂಗಳ ಲೆಕ್ಕ ಅದರೊಳಗೆ ಕೂರುತ್ತಿತ್ತು. ಇವತ್ತಿನ ಒಂದು ಸಾಧಾರಣ ವೆಬ್ ಪುಟ 2 ಎಂಬಿಗಿಂತ ದೊಡ್ಡದು. ಅಂದರೆ ಒಂದು ಸುದ್ದಿ ಓದುವ ಪುಟ ಇಡೀ ಫ್ಲಾಪಿಯಲ್ಲಿ ಹಿಡಿಸುವುದಿಲ್ಲ. ನಿಮ್ಮ ಮನೆಯ ಅಟ್ಟದ ಮೇಲೆ ಹದಿನೈದು ವರ್ಷದ ಹಳೆಯ ಕಂಪ್ಯೂಟರ್ ಇದ್ದರೆ, ಅದು ಕೆಟ್ಟೇ ಹೋಗಿರಬೇಕೆಂದಿಲ್ಲ. ಅದು ಇದ್ದ ಹಾಗೆಯೇ ಇರಬಹುದು. ವೆಬ್ ಅದನ್ನು ಮೀರಿ ಬೆಳೆದಿದೆ, ಅಷ್ಟೆ.

ಈಗ ಡಿಲ್ಲೋಗೆ ಬರೋಣ. ದಕ್ಷಿಣ ಅಮೆರಿಕದ ಚಿಲಿ ದೇಶದ ಹೋರ್ಹೆ ಅರೆಲ್ಯಾನೊ ಸಿದ್ ಎಂಬ ಎಂಜಿನಿಯರ್ 1999ರ ಡಿಸೆಂಬರಿನಲ್ಲಿ ಅದನ್ನು ಹೊರತಂದರು. ಹಳೆಯ ಕಂಪ್ಯೂಟರ್ ಇರುವವರಿಗೆ, ನಿಧಾನದ ಫೋನ್ ಲೈನ್ ಇರುವವರಿಗೆ ಕೂಡ ಇಂಟರ್ನೆಟ್ಟಿನ ತಿಳಿವಳಿಕೆ ಸಿಗಬೇಕು ಎಂಬುದು ಅವರು ಇಟ್ಟುಕೊಂಡ ಮೊದಲ ಗುರಿ. ಓದುವವರ ಗುಟ್ಟು ಹೊರಗೆ ಹೋಗಬಾರದು ಎಂಬುದು ಇನ್ನೊಂದು. ಪ್ರೋಗ್ರಾಂ ಚಿಕ್ಕದಾಗಿ, ಚುರುಕಾಗಿ ಇರಬೇಕು ಎಂಬುದು ಮತ್ತೊಂದು. ಡ್ಯಾಮ್ ಸ್ಮಾಲ್ ಲಿನಕ್ಸ್ ಎಂಬ ಪುಟಾಣಿ ಆಪರೇಟಿಂಗ್ ಸಿಸ್ಟಂ ಒಂದಿತ್ತು. ಇಡಿಯಾಗಿ ಅದರ ಗಾತ್ರ 50 ಎಂಬಿ. ಅದರೊಳಗೆ ಉಳಿದೆಲ್ಲದರ ಜೊತೆ ಡಿಲ್ಲೋಗೂ ಜಾಗ ಇತ್ತು ಎಂದರೆ ಎಷ್ಟು ಹಗುರ ಎಂದು ಲೆಕ್ಕ ಹಾಕಿ.

ಡಿಲ್ಲೋದಲ್ಲಿ ನನಗೆ ಬಹಳ ಹಿಡಿಸಿದ ಒಂದು ಗುಣವಿದೆ. ಅದರ ಕಿಟಕಿಯ ಕೆಳಗಿನ ಮೂಲೆಯಲ್ಲಿ ಒಂದು ಸಂಖ್ಯೆ ಕಾಣುತ್ತದೆ. ನೀವು ತೆರೆದ ಪುಟದ ಎಚ್‌ಟಿಎಂಎಲ್‌ನಲ್ಲಿ ಎಷ್ಟು ತಪ್ಪುಗಳಿವೆ ಎಂದು ಅದು ಎಣಿಸಿ ಹೇಳುತ್ತದೆ. ಅದನ್ನು ಒತ್ತಿದರೆ ಯಾವ ಸಾಲಿನಲ್ಲಿ ಏನು ತಪ್ಪು ಎಂಬ ಪಟ್ಟಿಯೇ ಬರುತ್ತದೆ. ಬ್ಯಾಂಕಿನಲ್ಲಿ ಬ್ಯಾಲೆನ್ಸಿಂಗ್ ದಿನ ಹತ್ತು ಪೈಸೆ ವ್ಯತ್ಯಾಸ ಬಂದರೆ ರಾತ್ರಿ ಒಂಬತ್ತಾದರೂ ಮನೆಗೆ ಹೋಗದೆ ಲೆಡ್ಜರ್ ತಿರುವಿಹಾಕುತ್ತಿದ್ದವರು ನಾವು. ತಪ್ಪನ್ನು ಸುಮ್ಮನೆ ನುಂಗಿಕೊಳ್ಳದೆ ಎಣಿಸಿ ತೋರಿಸುವ ಯಂತ್ರ ಕಂಡರೆ ಗೌರವ ಬಾರದಿರುತ್ತದೆಯೇ? ದೊಡ್ಡ ಬ್ರೌಸರುಗಳು ತಪ್ಪನ್ನು ನಮಗೆ ಕಾಣಿಸದೆ ಹೇಗೋ ಸರಿಮಾಡಿಕೊಂಡು ಮುಂದೆ ಹೋಗುತ್ತವೆ.

ಆದರೆ ಹಗುರವಾಗಿದ್ದ ಮಾತ್ರಕ್ಕೆ ಬದುಕು ಹಗುರವಲ್ಲ. ಬ್ರೌಸರ್ ತನ್ನ ಕಿಟಕಿ, ಗುಂಡಿ, ಮೆನುಗಳನ್ನು ತಾನೇ ಬರೆದುಕೊಳ್ಳುವುದಿಲ್ಲ. ಬೇರೆಯವರು ಮಾಡಿಟ್ಟ ಕಟ್ಟನ್ನು ಎರವಲು ತರುತ್ತದೆ. ಒಂದು ರೀತಿಯಲ್ಲಿ ಬಾಡಿಗೆ ಮನೆ. ಡಿಲ್ಲೋ ಮೊದಲು ಜಿಟಿಕೆ ಎಂಬ ಮನೆಯಲ್ಲಿತ್ತು. ಆ ಮನೆಯವರು ಹಳೆಯದನ್ನು ಬಿಟ್ಟು ಹೊಸದಾಗಿ, ಬಹಳ ದೊಡ್ಡದಾಗಿ ಕಟ್ಟಿಕೊಂಡರು. ಚಿಕ್ಕ ಸಂಸಾರಕ್ಕೆ ಅಷ್ಟು ದೊಡ್ಡ ಮನೆ ಯಾಕೆ? 2008ರಲ್ಲಿ ಡಿಲ್ಲೋ ಎಫ್‌ಎಲ್‌ಟಿಕೆ ಎಂಬ ಸಣ್ಣ ಮನೆಯ ಎರಡನೆಯ ಆವೃತ್ತಿಗೆ ಗಂಟುಮೂಟೆ ಕಟ್ಟಿತು. ಆ ಎರಡನೆಯ ಆವೃತ್ತಿಯ ಕಟ್ಟಡ ಅರ್ಧಕ್ಕೇ ನಿಂತಿತು. 2011ರಲ್ಲಿ ಮತ್ತೆ ಅದೇ ಓಣಿಯ 1.3 ಎಂಬ ಮನೆಗೆ.  ಇದ್ದಲ್ಲೇ ಇರುವುದಕ್ಕೆ ಇಷ್ಟು ಓಡಾಟ. ಬಾಡಿಗೆ ಮನೆಯಲ್ಲಿದ್ದವರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ.

2015ರಲ್ಲಿ 3.0.5 ಎಂಬ ಆವೃತ್ತಿ ಬಂತು. ಆಮೇಲೆ ನಿದ್ದೆ. ಪೂರ್ತಿ ಸತ್ತಿರಲಿಲ್ಲ, ಆಗೀಗ ಯಾರಾದರೂ ತೇಪೆ ಹಾಕುತ್ತಿದ್ದರು. ಆದರೆ ಹೊಸ ಆವೃತ್ತಿ ಬರಲಿಲ್ಲ. ಈ ನಿದ್ದೆಯ ಕಾಲದಲ್ಲೇ ಹೊರಗೆ ಒಂದು ದೊಡ್ಡ ಬದಲಾವಣೆ ಆಗಿಹೋಯಿತು. ವೆಬ್ಬಿನ ಬೀಗಗಳು ಬದಲಾದವು.

ವಿಳಾಸದ ಆರಂಭದಲ್ಲಿ ಎಚ್‌ಟಿಟಿಪಿಎಸ್ ಎಂದಿರುವುದನ್ನು ನೋಡಿದ್ದೀರಿ. ಕೊನೆಯ ‘ಎಸ್’ ಎಂದರೆ ಭದ್ರ. ಅದಿಲ್ಲದೆ ಕಳಿಸಿದ ಮಾತು ಪೋಸ್ಟ್ ಕಾರ್ಡಿನಂತೆ, ದಾರಿಯಲ್ಲಿ ಯಾರು ಬೇಕಾದರೂ ಓದಬಹುದು. ಅದಿದ್ದರೆ ಅರಗಿನ ಮೊಹರು ಹಾಕಿದ ಲಕೋಟೆಯಂತೆ. ಮೊದಲು ಬ್ಯಾಂಕು, ಅಂಗಡಿಗಳ ಸೈಟುಗಳಿಗೆ ಮಾತ್ರ ಇದ್ದ ಈ ಮೊಹರು ಹತ್ತು ವರ್ಷಗಳಲ್ಲಿ ಬಹುಪಾಲು ಎಲ್ಲ ಸೈಟುಗಳಿಗೂ ಬಂತು. 2018ರಲ್ಲಿ ಕ್ರೋಮ್ ಬ್ರೌಸರು ಮೊಹರಿಲ್ಲದ ಪುಟಗಳಿಗೆ ‘ಭದ್ರವಲ್ಲ’ ಎಂಬ ಪಟ್ಟಿ ಅಂಟಿಸತೊಡಗಿತು. 2020ರಲ್ಲಿ ದೊಡ್ಡ ಬ್ರೌಸರುಗಳೆಲ್ಲ ಮೊಹರಿನ ಹಳೆಯ ಎರಡು ವಿಧಾನಗಳನ್ನು ಕೈಬಿಟ್ಟವು. ಡಿಲ್ಲೋದ ಹಳೆಯ ಆವೃತ್ತಿಯಲ್ಲಿ ಈ ಮೊಹರು ಒಡೆಯುವ ವಿದ್ಯೆ ಅರೆಬರೆ ಇತ್ತು, ತಾನಾಗಿ ಕೆಲಸ ಮಾಡುತ್ತಿರಲಿಲ್ಲ. ಹಾಗಾಗಿ ಓದಲು ಬರುತ್ತಿದ್ದರೂ, ಕಣ್ಣು ಚೆನ್ನಾಗಿದ್ದರೂ, ಮನೆಮನೆಯ ಬಾಗಿಲಲ್ಲೂ ನಿಂತು ವಾಪಸ್ ಬರಬೇಕಾದ ಸ್ಥಿತಿ ಅದಕ್ಕೆ ಬಂತು.

ಇನ್ನೊಂದು ಪೆಟ್ಟು ಬಿತ್ತು. ಡಿಲ್ಲೋದ ಸ್ವಂತ ಸೈಟಿನ ವಿಳಾಸವನ್ನು ನವೀಕರಿಸಲಿಲ್ಲ. ವೆಬ್ ವಿಳಾಸ ಬ್ಯಾಂಕ್ ಲಾಕರಿನ ಹಾಗೆ, ಬಾಡಿಗೆ ಕಟ್ಟುತ್ತಿದ್ದರೆ ಮಾತ್ರ ನಮ್ಮದು. ಬೇರೆ ಯಾರೋ ಆ ವಿಳಾಸ ಕೊಂಡರು. ಬಹಳ ವರ್ಷಗಳಿಂದ ಜನರಿಗೆ ಗೊತ್ತಿದ್ದ ಮನೆಗೆ ಈಗ ಅಪರಿಚಿತರ ಬೋರ್ಡು.

ಬೇರೆ ಸಾಫ್ಟ್‌ವೇರ್ ಆಗಿದ್ದರೆ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ಡಿಲ್ಲೋ ಮುಕ್ತ ತಂತ್ರಾಂಶ. ಹಾಗೆಂದರೆ ಏನು? ಹೋಟೆಲಿನ ಸಾರು ತಿನ್ನಬಹುದು, ಅದರ ಪುಡಿಯ ಅಳತೆ ಅವರು ಹೇಳುವುದಿಲ್ಲ. ನಮ್ಮ ಅಜ್ಜಿಯರು ಸಾರಿನ ಪುಡಿಯ ಅಳತೆಯನ್ನು ಕೇಳಿದವರಿಗೆಲ್ಲ ಬರೆದುಕೊಡುತ್ತಾರೆ; ಮಾಡಿಕೊಳ್ಳಿ, ಬೇಕಾದರೆ ಮೆಣಸು ಹೆಚ್ಚಿಸಿಕೊಳ್ಳಿ, ನಿಮ್ಮ ಮಕ್ಕಳಿಗೂ ಕೊಡಿ ಎನ್ನುತ್ತಾರೆ. ಮುಕ್ತ ತಂತ್ರಾಂಶ ಈ ಎರಡನೆಯ ಬಗೆಯದು. ಡಿಲ್ಲೋದ ಬರಹ ಲೋಕದ ಹಲವರ ಕಂಪ್ಯೂಟರಿನಲ್ಲಿ ಪ್ರತಿಯಾಗಿ ಉಳಿದಿತ್ತು. ರೊಡ್ರಿಗೊ ಅರಿಯಾಸ್ ಮಾಲ್ಲೊ ಎಂಬುವರು ಅದನ್ನು ಕೈಗೆತ್ತಿಕೊಂಡರು. 2024ರ ಮೇ ತಿಂಗಳಲ್ಲಿ 3.1.0 ಬಂತು. ಒಂಬತ್ತು ವರ್ಷಗಳ ನಿದ್ದೆ ಮುಗಿಯಿತು.

ಎದ್ದ ಮೇಲೆ ಏನು ಮಾಡಿದರು ಎಂಬುದು ನನಗೆ ಮುಖ್ಯ ಅನಿಸುತ್ತದೆ. ಮೊದಲು ಬೀಗದ ಕೆಲಸ. ಹೊಸ ಮೊಹರುಗಳನ್ನು ಒಡೆಯುವ ವಿದ್ಯೆ ಕೂಡಿಸಿ, ಅದು ತಾನಾಗಿ ಕೆಲಸ ಮಾಡುವಂತೆ ಮಾಡಿದರು. ಚಿತ್ರದ ಪಕ್ಕದಲ್ಲಿ ಅಕ್ಷರ ಹರಿದು ಕೂರುವ ವ್ಯವಸ್ಥೆ ಸೇರಿಸಿದರು. ಒಂದು ಕಡೆ ರಿಪೇರಿ ಮಾಡಿದಾಗ ಇನ್ನೊಂದು ಕಡೆ ಕೆಡದಂತೆ ತಾನೇ ಪರೀಕ್ಷಿಸಿ ನೋಡುವ ಏರ್ಪಾಡು ಮಾಡಿದರು. 2025ರ ಜನವರಿಯಲ್ಲಿ ಬಂದ 3.2.0ರಲ್ಲಿ ವೆಬ್‌ಪಿ ಎಂಬ ಹೊಸ ಬಗೆಯ ಚಿತ್ರಗಳೂ, ಗಣಿತದ ಸೂತ್ರಗಳನ್ನು ತೋರಿಸುವ ಎಸ್‌ವಿಜಿ ಚಿತ್ರಗಳೂ ಕಾಣತೊಡಗಿದವು. ವಿಕಿಪೀಡಿಯದಲ್ಲಿ ಗಣಿತ ಓದುವ ಮಕ್ಕಳಿಗೆ ಇದರ ಬೆಲೆ ಗೊತ್ತು. ಸೂತ್ರವೇ ಕಾಣದ ಗಣಿತದ ಪುಟ ಇದ್ದರೆಷ್ಟು, ಬಿಟ್ಟರೆಷ್ಟು?

ಆದರೆ ಜಾವಾಸ್ಕ್ರಿಪ್ಟ್ ಸೇರಿಸಲಿಲ್ಲ. ಅಡುಗೆಭಟ್ಟರಿಗೆ ಈ ಮನೆಯಲ್ಲಿ ಪ್ರವೇಶವಿಲ್ಲ. ಇದರಿಂದ ನಷ್ಟವೂ ಇದೆ. ಡಿಲ್ಲೋದಲ್ಲಿ ಬ್ಯಾಂಕಿನ ವ್ಯವಹಾರ, ರೈಲು ಟಿಕೆಟ್, ವಿಡಿಯೋ ಇವೆಲ್ಲ ಆಗುವ ಮಾತಲ್ಲ. ‘ನೀವು ಮನುಷ್ಯರೇ, ಯಂತ್ರವೇ?’ ಎಂದು ಮೊದಲು ಪರೀಕ್ಷೆ ಮಾಡುವ ಸೈಟುಗಳಲ್ಲಿ ಪರೀಕ್ಷೆಯ ಕಾಗದವನ್ನೇ ಅದಕ್ಕೆ ತೆರೆಯಲಾಗದು. ಓದುವ ಪುಟಗಳಿಗೆ ಮಾತ್ರ ಅದು. ವಿಶ್ವಕೋಶ, ಲೇಖನ, ಕೈಪಿಡಿ, ಪಾಠದ ಟಿಪ್ಪಣಿ. ಬೀಗವನ್ನು ಬಿಡಲಾಗದು, ಬಿಟ್ಟರೆ ಒಳಗೇ ಹೋಗಲಾಗದು. ಭಟ್ಟರನ್ನು ಬಿಡಬಹುದು, ಬಿಡದಿದ್ದರೆ ಹಗುರವಾಗಿ ಉಳಿಯಲಾಗದು. ಹೊಸದು ಬಂದಾಗಲೆಲ್ಲ ಈ ಎರಡರಲ್ಲಿ ಅದು ಯಾವ ಜಾತಿಯದು ಎಂದು ವಿಂಗಡಿಸುವುದೇ ಅವರ ನಿತ್ಯದ ಕೆಲಸ ಎಂದು ನನಗೆ ಕಾಣುತ್ತದೆ.

ಒಂದು ತಮಾಷೆ ಹೇಳಲೇಬೇಕು. ಪ್ರೋಗ್ರಾಮರುಗಳು ತಮ್ಮ ಬರಹವನ್ನು ಇಟ್ಟುಕೊಳ್ಳುವ ಗಿಟ್‌ಹಬ್ ಎಂಬ ದೊಡ್ಡ ಉಗ್ರಾಣವಿದೆ. ಡಿಲ್ಲೋದ ಬರಹವೂ ಅಲ್ಲೇ ಇತ್ತು. ಆ ಉಗ್ರಾಣದ ಪುಟಗಳು ಬರಬರುತ್ತ ಜಾವಾಸ್ಕ್ರಿಪ್ಟ್ ಇಲ್ಲದೆ ಸರಿಯಾಗಿ ತೆರೆಯದಂತಾದವು. ಅಂದರೆ ಡಿಲ್ಲೋದ ಬರಹವನ್ನು ಡಿಲ್ಲೋದಲ್ಲೇ ನೋಡಲಾಗದು! 2025ರ ಕೊನೆಯ ಹೊತ್ತಿಗೆ ಅವರು ಅಲ್ಲಿಂದ ಹೊರಟು ತಮ್ಮದೇ ಸೈಟು ಮಾಡಿಕೊಂಡರು. ಹೊರಡಲು ಬೇರೆ ಕಾರಣಗಳೂ ಇದ್ದವು, ಇದು ಮುಖ್ಯವಾದವುಗಳಲ್ಲಿ ಒಂದು.

‘ಕೆಲವೇ ಮಂದಿಯ ಗುಂಪು ಹಿಂದೆ ಬೀಳದೆ ಇನ್ನೇನು?’ ಎಂದು ನಿಮಗೆ ಅನಿಸಬಹುದು. ದೊಡ್ಡವರೂ ಬಿದ್ದಿದ್ದಾರೆ. ನಾರ್ವೆಯ ಒಪೇರಾ ಕಂಪನಿ ತಾನೇ ಬೆಳೆಸಿದ ಬ್ರೌಸರ್ ಎಂಜಿನನ್ನು 2013ರಲ್ಲಿ ಕೈಬಿಟ್ಟಿತು. ಮೈಕ್ರೋಸಾಫ್ಟ್‌ನಷ್ಟು ಹಣವಂತ ಕಂಪನಿ ಕೂಡ 2018ರಲ್ಲಿ ಸಾಕು ಎಂದು ಹೇಳಿ, ಗೂಗಲ್ಲಿನವರು ಮುಂದೆ ನಿಂತು ಬೆಳೆಸುವ ಕ್ರೋಮಿಯಂ ಮೇಲೆ ತನ್ನ ಎಡ್ಜ್ ಕಟ್ಟಿಕೊಂಡಿತು. ಇದಕ್ಕೆ ಒಂದು ಕಾರಣ, ಎಚ್‌ಟಿಎಂಎಲ್‌ಗೆ ಈಗ ನಾಲ್ಕನೆಯದು, ಐದನೆಯದು ಎಂಬ ಆವೃತ್ತಿಗಳೇ ಇಲ್ಲ. ಅದರ ನಿಯಮಪುಸ್ತಕ ತಿದ್ದುತ್ತಲೇ ಇರುವ ಪುಸ್ತಕ. ನಿಮ್ಮ ಪಠ್ಯಪುಸ್ತಕ ವಾರವಾರ ಬದಲಾದರೆ ಪರೀಕ್ಷೆಗೆ ಹೇಗೆ ಓದುತ್ತೀರಿ, ಹೇಳಿ.

ಡಿಲ್ಲೋಗೆ ಒಬ್ಬ ಸಂಬಂಧಿಕ ಉಂಟು, ನೆಟ್‌ಸರ್ಫ್. ಬ್ರಿಟನ್ನಿನ ಏಕಾರ್ನ್ ಕಂಪನಿಯ ರಿಸ್ಕ್ ಓಎಸ್ ಎಂಬ ವ್ಯವಸ್ಥೆಗಾಗಿ 2002ರಲ್ಲಿ ಶುರುವಾದದ್ದು. ಅವರ ದಾರಿ ಬೇರೆ. ಜಾವಾಸ್ಕ್ರಿಪ್ಟನ್ನು ಪೂರ್ತಿ ಹೊರಗಿಡದೆ, ಡಕ್‌ಟೇಪ್ ಎಂಬ ಸಣ್ಣ ಎಂಜಿನ್ ತಂದು ಅಲ್ಪಸ್ವಲ್ಪ ಒಳಗೆ ಬಿಟ್ಟರು. ಎಚ್‌ಟಿಎಂಎಲ್ ಓದಲು ಒಂದು, ಸಿಎಸ್‌ಎಸ್ ಓದಲು ಇನ್ನೊಂದು ಎಂದು ಪ್ರತಿಯೊಂದನ್ನೂ ಬೇರೆ ಬೇರೆ ಬಿಡಿಭಾಗವಾಗಿ ಬರೆದರು, ಬೇಕಾದವರು ಅದೊಂದನ್ನೇ ಒಯ್ಯಲಿ ಎಂದು. ಅದೂ ಉಳಿದಿದೆ.

ಇಷ್ಟು ದೂರದ ದೇಶಗಳ ಮಾತಾಯಿತು, ನಮಗೇನು ಎಂದು ಕೇಳಿದರೆ ನನ್ನ ಉತ್ತರ ಒಂದೇ ಅಕ್ಷರದ್ದು: ಸ್ತ್ರೀ.

ಈ ಒಂದು ಅಕ್ಷರವನ್ನು ಕಂಪ್ಯೂಟರ್ ಆರು ಸಂಕೇತಗಳಾಗಿ ಇಟ್ಟುಕೊಳ್ಳುತ್ತದೆ. ಸ, ಅರ್ಧ ಮಾಡುವ ಚಿಹ್ನೆ, ತ, ಮತ್ತೆ ಅರ್ಧ ಮಾಡುವ ಚಿಹ್ನೆ, ರ, ಕೊನೆಗೆ ದೀರ್ಘದ ಗುಡಿಸು. ಇವನ್ನು ಯಾರೋ ಜೋಡಿಸಬೇಕು. ‘ತ’ಕಾರವನ್ನು ಕುಗ್ಗಿಸಿ ಕೆಳಗೆ ಇಳಿಸಬೇಕು, ‘ರ’ಕಾರವನ್ನು ಅದರ ಪಕ್ಕ ಸುತ್ತಿಸಬೇಕು, ಗುಡಿಸನ್ನು ‘ಸ’ದ ತಲೆಗೆ ಒಯ್ಯಬೇಕು. ‘ಸೂರ್ಯ’ ಇನ್ನೂ ಸ್ವಾರಸ್ಯ. ಕಂಪ್ಯೂಟರಿನ ಒಳಗೆ ‘ರ’ ಮೊದಲು, ‘ಯ’ ಆಮೇಲೆ. ತೆರೆಯ ಮೇಲೆ ‘ಯ’ ಮೊದಲು ಬಂದು, ರಕಾರ ಅರ್ಕಾವತ್ತಾಗಿ ಅದರ ಹಿಂದೆ ನಿಲ್ಲಬೇಕು. ಇಂಗ್ಲಿಷಿಗೆ ಈ ತಾಪತ್ರಯ ಇಲ್ಲ, ಸಾಲಾಗಿ ನಿಲ್ಲಿಸಿದರೆ ಆಯಿತು. ದೊಡ್ಡ ಬ್ರೌಸರುಗಳಲ್ಲಿ ಈ ಜೋಡಣೆಯನ್ನು ಹಾರ್ಫ್‌ಬಜ್ ಎಂಬ ಮುಕ್ತ ತಂತ್ರಾಂಶ ಮಾಡುತ್ತದೆ. ಕ್ರೋಮ್, ಫೈರ್‌ಫಾಕ್ಸ್ ಎರಡೂ ಅದನ್ನೇ ಬಳಸುತ್ತವೆ. ಡಿಲ್ಲೋ ವಾಸವಿದ್ದ ಎಫ್‌ಎಲ್‌ಟಿಕೆ 1.3 ಎಂಬ ಮನೆಯಲ್ಲಿ, ಲಿನಕ್ಸ್ ಮೇಲೆ ಓಡುವಾಗ, ಈ ಜೋಡಿಸುವ ಕೈ ಇಲ್ಲ. ಒತ್ತಕ್ಷರ ಕೆಳಗೆ ಇಳಿಯುವುದಿಲ್ಲ, ಅರ್ಧಾಕ್ಷರದ ಚಿಹ್ನೆ ಬೇರೆಯೇ ನಿಲ್ಲುತ್ತದೆ. ಅಜ್ಜ, ಅಮ್ಮ, ಅಕ್ಕ, ಅಣ್ಣ ಎಲ್ಲರೂ ಮುರಿದು ಬೀಳುತ್ತಾರೆ.

2024ರ ನವೆಂಬರಿನಲ್ಲಿ ಬಂದ ಎಫ್‌ಎಲ್‌ಟಿಕೆ 1.4ರಲ್ಲಿ, ಬೇಕೆಂದವರು ಪ್ಯಾಂಗೋ ಎಂಬ ಜೋಡಣೆಯ ವ್ಯವಸ್ಥೆಯನ್ನು ಕೂಡಿಸಿಕೊಳ್ಳಬಹುದು. ಅದರ ಒಳಗೆ ಕೆಲಸ ಮಾಡುವುದು ಹಾರ್ಫ್‌ಬಜ್. ಕೂಡಿಸಿದರೆ ಸ್ವಲ್ಪ ಭಾರ ಹೆಚ್ಚುತ್ತದೆ, ನಿಜ. ಹಗುರ ಬೇಕು ಎಂದು ಹೊರಟವರಿಗೆ ಇದು ಅನಗತ್ಯ ಹೊರೆ ಎಂದು ಕಾಣಬಹುದು. ನನ್ನ ಅಭಿಪ್ರಾಯ ಸ್ಪಷ್ಟ: ಇದು ಬೀಗದ ಜಾತಿಗೆ ಸೇರಿದ್ದು, ಭಟ್ಟರ ಜಾತಿಗಲ್ಲ. ಹಳೆಯ ಕಂಪ್ಯೂಟರಿನಲ್ಲಿ ಓದಲಿಕ್ಕೆಂದೇ ಮಾಡಿದ ಬ್ರೌಸರಿನಲ್ಲಿ ನಮ್ಮ ಭಾಷೆಯ ಒತ್ತಕ್ಷರ ಒಡೆದರೆ, ಆ ಹಗುರದಿಂದ ಕನ್ನಡದ ಓದುಗನಿಗೆ ಬಂದ ಲಾಭವಾದರೂ ಏನು? ಇದನ್ನು ಚಿಲಿಯವರೋ ಬ್ರಿಟನ್ನಿನವರೋ ತಾವಾಗಿ ಕಂಡುಕೊಳ್ಳುವುದು ಕಷ್ಟ, ಅವರ ಲಿಪಿಯಲ್ಲಿ ಒತ್ತಕ್ಷರವೇ ಇಲ್ಲವಲ್ಲ. ಮುಕ್ತ ತಂತ್ರಾಂಶದಲ್ಲಿ ಹೇಳುವುದಕ್ಕೂ ಮಾಡುವುದಕ್ಕೂ ಯಾರಿಗೂ ತಡೆಯಿಲ್ಲ. ಕಂಪ್ಯೂಟರ್ ಓದುತ್ತಿರುವ ಅಕ್ಕ, ಅಣ್ಣಂದಿರು ಮನೆಯಲ್ಲಿದ್ದರೆ ಈ ಪುಟವನ್ನು ಅವರ ಕೈಗೆ ಕೊಡಿ. ಎಲ್ಲೋ ಒಬ್ಬರು ಕುಳಿತು ಒಂದು ರಜೆಯಲ್ಲಿ ಪರೀಕ್ಷೆ ಮಾಡಿ, ‘ನೋಡಿ ಸ್ವಾಮಿ, ನಮ್ಮ ಅಕ್ಷರ ಹೀಗೆ ಕಾಣುತ್ತಿದೆ, ಹೀಗೆ ಕಾಣಬೇಕು’ ಎಂದು ಚಿತ್ರ ಸಮೇತ ಬರೆದು ಕಳಿಸಿದರೂ ಅದು ಸಣ್ಣ ಕೆಲಸವಲ್ಲ.

ಚಿಕ್ಕ ಮಕ್ಕಳಿಗೆ ಈ ವಾರ ಒಂದು ಪ್ರಯೋಗ. ಹೊಸದೇನನ್ನೂ ಹಾಕಿಕೊಳ್ಳಬೇಕಾಗಿಲ್ಲ. ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಂಡು ಕ್ರೋಮ್‌ನ ಸೆಟ್ಟಿಂಗ್ಸ್ ತೆರೆಯಿರಿ. ಅಲ್ಲಿ ಸೈಟ್ ಸೆಟ್ಟಿಂಗ್ಸ್ ಒಳಗೆ ಜಾವಾಸ್ಕ್ರಿಪ್ಟ್ ಎಂದಿರುತ್ತದೆ, ಅದನ್ನು ಆಫ್ ಮಾಡಿ. ಈಗ ನೀವು ದಿನಾ ನೋಡುವ ಹತ್ತು ಸೈಟುಗಳನ್ನು ಒಂದೊಂದಾಗಿ ತೆರೆಯಿರಿ. ನೋಟ್‌ಪುಸ್ತಕದಲ್ಲಿ ಮೂರು ಅಂಕಣ ಎಳೆಯಿರಿ: ಚೆನ್ನಾಗಿ ಓದಬಹುದಾದದ್ದು, ಕಷ್ಟಪಟ್ಟು ಓದಬಹುದಾದದ್ದು, ಬಿಳಿ ಹಾಳೆ ಬಿಟ್ಟು ಏನೂ ಇಲ್ಲದ್ದು. ಕನ್ನಡ ವಿಕಿಪೀಡಿಯವನ್ನು ಪಟ್ಟಿಯಲ್ಲಿ ತಪ್ಪದೆ ಸೇರಿಸಿ. ನಿಮ್ಮ ಶಾಲೆಗೆ ಸೈಟ್ ಇದ್ದರೆ ಅದನ್ನೂ ಸೇರಿಸಿ. ಲೆಕ್ಕವನ್ನು ನನಗೆ ಅಂಚೆ ಕಾರ್ಡಿನಲ್ಲಿ ಬರೆದು ಕಳಿಸಿ, ಯಾವ ಅಂಕಣದಲ್ಲಿ ಎಷ್ಟು ಬಂತು ಎಂದು ಕೂಡಿಸಿ ನೋಡೋಣ.

ಮುಗಿದ ಮೇಲೆ ಜಾವಾಸ್ಕ್ರಿಪ್ಟನ್ನು ಮತ್ತೆ ಆನ್ ಮಾಡಲು ಮರೆಯಬೇಡಿ. ಸಂಜೆ ಅಜ್ಜ ಕರೆಂಟ್ ಬಿಲ್ ಕಟ್ಟಲು ಕುಳಿತಾಗ ಪುಟ ತೆರೆಯದಿದ್ದರೆ, ಮೊದಲು ಕೂಗಿ ಕರೆಯುವುದು ನಿಮ್ಮನ್ನೇ.